ಮಾಡಿಫೈ ಮಾಡಿದ ಹಳೆ ಯೆಜ್ಡಿಗೆ ಯಾವ ಸ್ಪಾರ್ಕ್ ಪ್ಲಗ್? ಹೀಟ್ ರೇಂಜ್‌ನಿಂದ ಕಾಯಿಲ್‌ವರೆಗೆ

ಹಳೆ ಯೆಜ್ಡಿಯ ಹೆಡ್ ಸ್ಕಿಮ್ ಮಾಡಿಸಿ (ಕಂಪ್ರೆಷನ್ ಏರಲು ಸಿಲಿಂಡರಿನ ಮುಚ್ಚಳದ ತಳ ತುಸು ಕಡಿಸಿ), ಮಿಶ್ರಣ, ಹೊಗೆ ಹಾದುಹೋಗುವ ಪೋರ್ಟ್ ಉಜ್ಜಿಸಿ, ಜಿಕೋವ್ ಕಾರ್ಬುರೇಟರ್ ತೆಗೆದು ಮಿಕುನಿ ಕೂರಿಸಿದವರು ಮುಂದೆ ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: "ಇನ್ನು ಇರಿಡಿಯಂ ಪ್ಲಗ್ ಹಾಕಿಬಿಡ್ಲಾ?" ಹಾಕಿ, ತೊಂದರೆ ಇಲ್ಲ. ಆದರೆ ಅದು ಕೊನೆಯ ಕೆಲಸ. ಪ್ಲಗ್ ಎಂಜಿನ್ನಿಗೆ ಪವರ್ ತಂದುಕೊಡುವುದಿಲ್ಲ. ತಪ್ಪು ಪ್ಲಗ್ ಹಾಕಿದರೆ ಇದ್ದ ಪವರ್ ಹೋಗುತ್ತದೆ, ಗ್ರಹಚಾರ ಕೆಟ್ಟರೆ ಪಿಸ್ಟನ್ನೂ ಹೋಗುತ್ತದೆ. ನಿಮ್ಮ ಎಂಜಿನ್ ಈಗ ಎಷ್ಟು ಬಿಸಿಯಾಗುತ್ತಿದೆ, ಬ್ಯಾಟರಿಯ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಏರಿಸುವ ಕಾಯಿಲ್ ಎಷ್ಟು ವೋಲ್ಟೇಜ್ ಕೊಡುತ್ತಿದೆ ಅನ್ನುವ ಎರಡು ವಿಷಯ ಗೊತ್ತಾದರೆ ಪ್ಲಗ್ ಆರಿಸುವುದು ಸುಲಭ.

ಇಲ್ಲಿ ಹೇಳುತ್ತಿರುವುದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೆ 250 ಸಿಸಿ ಟೂ ಸ್ಟ್ರೋಕ್ ಗಾಡಿಗಳ ಬಗ್ಗೆ. 1960ರ ದಶಕದ ಜಾವಾ ಇರಲಿ, 1996ರಲ್ಲಿ ಕಾರ್ಖಾನೆ ನಿಲ್ಲುವವರೆಗೆ ಬಂದ ರೋಡ್‌ಕಿಂಗ್ ಇರಲಿ, ಲೆಕ್ಕ ಒಂದೇ. ಈಚೆಗೆ ಅದೇ ಹೆಸರಿನಲ್ಲಿ ಬಂದಿರುವ ಲಿಕ್ವಿಡ್ ಕೂಲ್ಡ್ ಗಾಡಿಗಳಿಗೆ ಇದು ಅನ್ವಯಿಸುವುದಿಲ್ಲ.

ಮೊದಲು ಪ್ಲಗ್ ಬಿಟ್ಟು ಬೇರೆಲ್ಲ ನೋಡಿ

ಈ ಎಂಜಿನ್ನಿನ ಬೋರ್ 65 ಮಿಮೀ, ಸ್ಟ್ರೋಕ್ 75 ಮಿಮೀ. ಬ್ಲಾಕ್ ಬೀಡುಕಬ್ಬಿಣ, ಹೆಡ್ ಅಲ್ಯೂಮಿನಿಯಂ. ತಂಪು ಮಾಡಲು ಗಾಳಿ ಬಿಟ್ಟರೆ ಬೇರೆ ಏನೂ ಇಲ್ಲ. ಟೂ ಸ್ಟ್ರೋಕ್ ಆದ್ದರಿಂದ ಕ್ರ್ಯಾಂಕ್ ತಿರುಗಿದ ಪ್ರತಿ ಸುತ್ತಿಗೂ ಪ್ಲಗ್ ಒಂದು ಕಿಡಿ ಹಾರಿಸಬೇಕು. ನಿಮಿಷಕ್ಕೆ 4500 ಸುತ್ತು ಅಂದರೆ 4500 ಕಿಡಿ. ಅದೇ ವೇಗದಲ್ಲಿ ಓಡುವ ಬುಲೆಟ್‌ನ ಪ್ಲಗ್‌ಗೆ ಉರಿ ತಗಲುವುದು ಇದರ ಅರ್ಧದಷ್ಟು ಸಲ.

ಪ್ಲಗ್ ಪದೇ ಪದೇ ಒದ್ದೆಯಾಗಿ, ಕಪ್ಪಾಗಿ, ಸೈಲೆನ್ಸರಿನಿಂದ ದಟ್ಟ ಹೊಗೆ ಬರುತ್ತಿದ್ದರೆ ಎಡಗಡೆಯ, ಅಂದರೆ ಕ್ಲಚ್ ಕಡೆಯ, ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿರಬಹುದು. ಕ್ರ್ಯಾಂಕ್‌ಕೇಸ್ ಆ ಕಡೆಯಿಂದ ಗೇರ್ ಆಯಿಲ್ ಎಳೆದುಕೊಂಡು ಸುಡುತ್ತಿರುತ್ತದೆ. ಗೇರ್ ಬಾಕ್ಸಿನ ಆಯಿಲ್ ಮಟ್ಟ ಸುಮ್ಮಸುಮ್ಮನೆ ಇಳಿಯುತ್ತಿದ್ದರೆ ಅನುಮಾನವೇ ಬೇಡ. ಡೈನಮೋ ಕಡೆಯ ಸೀಲ್ ಹೋಗಿದ್ದರೆ ಕಥೆ ಉಲ್ಟಾ. ಹೊರಗಿನ ಗಾಳಿ ಒಳಗೆ ಸೇರಿ ಮಿಶ್ರಣ ತೆಳುವಾಗುತ್ತದೆ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ), ಐಡಲ್ ತಾನಾಗಿ ಏರಿಳಿಯುತ್ತದೆ, ಪ್ಲಗ್ ಬಿಳುಚಿಕೊಳ್ಳುತ್ತದೆ. ಇವೆರಡಕ್ಕೂ ಪ್ಲಗ್ ಬದಲಿಸಿದರೆ ಪರಿಹಾರ ಸಿಗುವುದಿಲ್ಲ. ಒಂದು ಸೀಲ್ ಬದಲಿಸುವ ಬದಲು ಡಬ್ಬಿಗಟ್ಟಲೆ ಪ್ಲಗ್ ಖರ್ಚು ಮಾಡುವವರು ಬೇಕಾದಷ್ಟು ಜನ ಇದ್ದಾರೆ.

ಇನ್ನು ಪಾಯಿಂಟ್, ಅಂದರೆ ತೆರೆದು ಮುಚ್ಚುತ್ತಾ ಕಾಯಿಲ್‌ನಿಂದ ಕಿಡಿ ಹಾರಿಸುವ ಪುಟ್ಟ ಸ್ವಿಚ್. ಮುಖ ಸುಟ್ಟು ಗುಂಡಿ ಬಿದ್ದಿದ್ದರೆ ಪಾಯಿಂಟ್ ಸೆಟ್ ಮತ್ತು ಕಂಡೆನ್ಸರ್ ಎರಡನ್ನೂ ಹೊಸದು ಹಾಕಿ. ಗ್ಯಾಪ್ ಮತ್ತು ಟೈಮಿಂಗ್ ನಿಮ್ಮ ಮಾಡೆಲ್‌ನ ಮ್ಯಾನುಯಲ್ ಪ್ರಕಾರ ಇಡಿ. ಟೈಮಿಂಗನ್ನು ಅಂದಾಜಿನಲ್ಲಿ ಇಡಬೇಡಿ. ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಇಳಿಸಿ, ಪಿಸ್ಟನ್ ಮೇಲ್ತುದಿಗಿಂತ ಎಷ್ಟು ಮಿಲಿಮೀಟರ್ ಕೆಳಗಿದ್ದಾಗ ಪಾಯಿಂಟ್ ತೆರೆಯುತ್ತದೆ ಎಂದು ಅಳೆಯಿರಿ. ಹೆಡ್ ಸ್ಕಿಮ್ ಆಗಿದ್ದರೆ ಕಿಡಿ ಸ್ಟಾಕ್ ಟೈಮಿಂಗ್‌ಗಿಂತ ಸ್ವಲ್ಪ ತಡವಾಗಿ ಬರುವಂತೆ ಇಡುವುದು ಜಾಣತನ. ಕಂಪ್ರೆಷನ್ ಹೆಚ್ಚಾದರೆ ಮಿಶ್ರಣ ಬೇಗ ಉರಿಯುತ್ತದೆ, ಅಷ್ಟು ಮುಂಚೆ ಕಿಡಿ ಬೇಕಾಗುವುದಿಲ್ಲ. ಟೈಮಿಂಗ್ ಜಾಸ್ತಿ ಅಡ್ವಾನ್ಸ್ ಆದರೆ, ಅಂದರೆ ಕಿಡಿ ತೀರಾ ಮುಂಚೆ ಬಂದರೆ, ಪ್ಲಗ್ ತುದಿ ಬಿಸಿಯಾಗುತ್ತದೆ. 10 ಡಿಗ್ರಿ ಅಡ್ವಾನ್ಸ್‌ಗೆ ಸುಮಾರು 70ರಿಂದ 100 ಡಿಗ್ರಿ ಸೆಲ್ಸಿಯಸ್ ಏರುತ್ತದೆ ಎಂಬುದು ಪ್ಲಗ್ ಕಂಪನಿಗಳ ಲೆಕ್ಕ. ಟೈಮಿಂಗ್ ತಪ್ಪಿದ್ದರೆ ನೀವು ಆರಿಸುವ ಹೀಟ್ ರೇಂಜೂ ತಪ್ಪುತ್ತದೆ.

ಥ್ರೆಡ್ ಅಳತೆ

ಈ ಕೆಲಸಕ್ಕೆ ಐದು ನಿಮಿಷ ಸಾಕು. ಥ್ರೆಡ್ಡಿನ ವ್ಯಾಸ 14 ಮಿಮೀ. ಉದ್ದ ಸಾಮಾನ್ಯವಾಗಿ 12.7 ಮಿಮೀ, ಅಂದರೆ ಅರ್ಧ ಇಂಚು. ಸಾಮಾನ್ಯವಾಗಿ ಎಂದದ್ದಕ್ಕೆ ಕಾರಣ ಇದೆ. ಇಷ್ಟು ವರ್ಷಗಳಲ್ಲಿ ಯಾರೋ ಹೆಡ್ಡಿಗೆ ಬುಷ್ ಹಾಕಿಸಿರಬಹುದು, ಬೇರೆ ಹೆಡ್ಡನ್ನೇ ಕೂರಿಸಿರಬಹುದು. ಹೆಡ್ ಬಿಚ್ಚಿದಾಗ ವರ್ನಿಯರ್‌ನಲ್ಲಿ ನೀವೇ ಅಳೆಯಿರಿ.

12.7 ಮಿಮೀ ಹೆಡ್ಡಿಗೆ 19 ಮಿಮೀ ಉದ್ದದ ಪ್ಲಗ್ ಹಾಕಿದರೆ ಥ್ರೆಡ್ ಒಳಕ್ಕೆ ಚಾಚಿಕೊಂಡು ಕಾದು ಕೆಂಪಾಗುತ್ತದೆ. ಅದಕ್ಕಿಂತ ಮುಂಚೆ ಪಿಸ್ಟನ್ನಿಗೆ ಬಡಿದರೂ ಬಡಿಯಬಹುದು. ಚಿಕ್ಕ ಪ್ಲಗ್ ಹಾಕಿದರೆ ಖಾಲಿ ಬಿಟ್ಟ ಥ್ರೆಡ್ಡಿನಲ್ಲಿ ಮಸಿ ತುಂಬಿ, ಮುಂದೆ ಸರಿಯಾದ ಪ್ಲಗ್ ಹಾಕುವಾಗ ಹೆಡ್ಡಿನ ಥ್ರೆಡ್ ಕಿತ್ತು ಬರುತ್ತದೆ.

ತುದಿ ಹೊರಚಾಚಿದ ಪ್ಲಗ್‌ಗಳೂ ಸಿಗುತ್ತವೆ. ಎನ್‌ಜಿಕೆಯಲ್ಲಿ 'ಬಿಪಿ' ಎಂದು ಶುರುವಾಗುವವು. ಸ್ಕಿಮ್ ಮಾಡಿದ ಹೆಡ್ಡಿಗೆ ಅಳೆಯದೆ ಇವನ್ನು ಹಾಕಬೇಡಿ. ಪಿಸ್ಟನ್ ಮೇಲೆ ಮಕ್ಕಳು ಆಡುವ ಕ್ಲೇ ಸ್ವಲ್ಪ ಇಟ್ಟು, ಹೆಡ್ ಮತ್ತು ಪ್ಲಗ್ ಬಿಗಿದು, ಕೈಯಿಂದ ನಿಧಾನ ಒಂದು ಸುತ್ತು ತಿರುಗಿಸಿ, ಬಿಚ್ಚಿ ನೋಡಿ. ಪ್ಲಗ್ಗಿನ ಗುರುತು ಎಷ್ಟು ಆಳ ಬಿದ್ದಿದೆ ಎನ್ನುವುದು ಅಲ್ಲೇ ಕಾಣುತ್ತದೆ.

ಹೀಟ್ ರೇಂಜ್: ಎಲ್ಲ ಗೊಂದಲದ ಮೂಲ

'ಹಾಟ್ ಪ್ಲಗ್' ಬಿಸಿ ಕಿಡಿ ಕೊಡುತ್ತದೆ ಎನ್ನುವ ನಂಬಿಕೆ ಇನ್ನೂ ಇದೆ. ಅದಕ್ಕೂ ಕಿಡಿಗೂ ಸಂಬಂಧ ಇಲ್ಲ. ಪ್ಲಗ್ಗಿನ ಮೂತಿಯಲ್ಲಿ ಬಿಳಿ ಪಿಂಗಾಣಿ ಇರುತ್ತದಲ್ಲ, ಅದು ತನಗೆ ಬಿದ್ದ ಶಾಖವನ್ನು ಎಷ್ಟು ಬೇಗ ಹೆಡ್ಡಿಗೆ ದಾಟಿಸುತ್ತದೆ ಅನ್ನುವುದೇ ಹೀಟ್ ರೇಂಜ್. ಪಿಂಗಾಣಿ ಮೂತಿ ಉದ್ದ ಇದ್ದರೆ ಶಾಖ ಸುತ್ತಿ ಬಳಸಿ ಹೋಗಬೇಕು, ತುದಿ ಬಿಸಿಯಾಗಿಯೇ ಉಳಿಯುತ್ತದೆ. ಅದು ಹಾಟ್ ಪ್ಲಗ್. ಮೂತಿ ಗಿಡ್ಡ ಇದ್ದರೆ ಬೇಗ ತಣಿಯುತ್ತದೆ, ಅದು ಕೋಲ್ಡ್ ಪ್ಲಗ್.

ತುದಿ ಸುಮಾರು 450 ಡಿಗ್ರಿ ದಾಟಿದರೆ ಮಾತ್ರ ಮಸಿ, ಆಯಿಲ್ ಸುಟ್ಟು ಪ್ಲಗ್ ತಾನೇ ಶುಚಿಯಾಗುತ್ತದೆ. ಸುಮಾರು 870 ಡಿಗ್ರಿ ದಾಟಿದರೆ ತುದಿಯೇ ಕೆಂಡದಂತಾಗಿ, ಕಿಡಿ ಹಾರುವ ಮುಂಚೆಯೇ ಮಿಶ್ರಣಕ್ಕೆ ಬೆಂಕಿ ಹಚ್ಚುತ್ತದೆ. ಪಿಸ್ಟನ್ ನೆತ್ತಿಗೆ ತೂತು ಬೀಳುವುದು ಹೀಗೆ. ನಮ್ಮ ಪ್ಲಗ್ ಈ ಎರಡರ ನಡುವೆ ಇರಬೇಕು. ಒಂದು ಹೀಟ್ ರೇಂಜ್ ಬದಲಿಸಿದರೆ ತುದಿಯ ಶಾಖ ಸುಮಾರು 70ರಿಂದ 100 ಡಿಗ್ರಿ ಆಚೀಚೆ ಆಗುತ್ತದೆ.

ಈಗ ನಂಬರ್ ವಿಷಯ. ಎನ್‌ಜಿಕೆ ಮತ್ತು ಡೆನ್ಸೊದಲ್ಲಿ ನಂಬರ್ ದೊಡ್ಡದಾದಷ್ಟೂ ಪ್ಲಗ್ ಕೋಲ್ಡ್. ಈಗಿನ ಬಾಷ್ ಮತ್ತು ಚಾಂಪಿಯನ್‌ನಲ್ಲಿ ನಂಬರ್ ದೊಡ್ಡದಾದಷ್ಟೂ ಹಾಟ್. ಇದರ ಜೊತೆ ಇನ್ನೊಂದು ಫಜೀತಿ ಇದೆ. ಬೆಂಗಳೂರಿನ ಆಡುಗೋಡಿಯ ಮೈಕೋ ಗೊತ್ತಲ್ವಾ? 1951ರಲ್ಲಿ ಶುರುವಾಗಿ, 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡ ಕಂಪನಿ. ಹಳೆ ಮೈಕೋ ಪ್ಲಗ್‌ಗಳ ಮೇಲೆ ಡಬ್ಲ್ಯೂ175, ಡಬ್ಲ್ಯೂ225 ಎಂದು ಇರುತ್ತಿತ್ತು. ಅದರಲ್ಲಿ ನಂಬರ್ ಏರಿದಷ್ಟೂ ಕೋಲ್ಡ್. ಆಮೇಲೆ ಬಂದ ಹೊಸ ಪದ್ಧತಿಯಲ್ಲಿ ದಿಕ್ಕೇ ತಿರುಗಿತು: ಹಳೆ 175 ಈಗ ಸುಮಾರು 7, ಹಳೆ 225 ಈಗ ಸುಮಾರು 5. ಆದ್ದರಿಂದ ಗ್ಯಾರೇಜಿನ ಹಳಬರು "ದೊಡ್ಡ ನಂಬರ್ ಹಾಕು" ಅಂದರೆ ಯಾವ ಕಂಪನಿಯದು, ಯಾವ ಕಾಲದ್ದು ಎಂದು ಕೇಳಿಯೇ ಮುಂದುವರಿಯಿರಿ.

12.7 ಮಿಮೀ ಥ್ರೆಡ್ಡಿನ ಪ್ಲಗ್‌ಗಳಲ್ಲಿ ಒಂದಕ್ಕೊಂದು ಹತ್ತಿರದ ಜೋಡಿಗಳು ಹೀಗಿವೆ:

- ಎನ್‌ಜಿಕೆ ಬಿ6ಎಚ್‌ಎಸ್: ಬಾಷ್ ಡಬ್ಲ್ಯೂ7ಎಸಿ, ಚಾಂಪಿಯನ್ ಎಲ್86ಸಿ, ಡೆನ್ಸೊ ಡಬ್ಲ್ಯೂ20ಎಫ್‌ಎಸ್-ಯು
- ಎನ್‌ಜಿಕೆ ಬಿ7ಎಚ್‌ಎಸ್: ಬಾಷ್ ಡಬ್ಲ್ಯೂ5ಎಸಿ, ಚಾಂಪಿಯನ್ ಎಲ್82ಸಿ, ಡೆನ್ಸೊ ಡಬ್ಲ್ಯೂ22ಎಫ್‌ಎಸ್-ಯು
- ಎನ್‌ಜಿಕೆ ಬಿ8ಎಚ್‌ಎಸ್: ಬಾಷ್ ಡಬ್ಲ್ಯೂ4ಎಸಿ, ಚಾಂಪಿಯನ್ ಎಲ್78ಸಿ, ಡೆನ್ಸೊ ಡಬ್ಲ್ಯೂ24ಎಫ್‌ಎಸ್-ಯು

ಎನ್‌ಜಿಕೆ ಹೆಸರನ್ನು ಬಿಡಿಸಿ ಓದುವುದು ಸುಲಭ. 'ಬಿ' ಅಂದರೆ 14 ಮಿಮೀ ಥ್ರೆಡ್, ನಂಬರ್ ಹೀಟ್ ರೇಂಜ್, 'ಎಚ್' ಅಂದರೆ 12.7 ಮಿಮೀ ಉದ್ದ. 'ಎಚ್' ಜಾಗದಲ್ಲಿ 'ಇ' ಇದ್ದರೆ 19 ಮಿಮೀ, ನಮ್ಮ ಗಾಡಿಗೆ ಬೇಡ. ನಡುವೆ 'ಆರ್' ಬಂದರೆ ಒಳಗೆ ರೆಸಿಸ್ಟರ್ ಇದೆ ಎಂದರ್ಥ.

ಎಷ್ಟು ಕೋಲ್ಡ್ ಹೋಗಬೇಕು?

ಗಾಡಿ ಸ್ಟಾಕ್ ಇದ್ದಾಗ ಯಾವ ಪ್ಲಗ್ಗಿನಲ್ಲಿ ಚೆನ್ನಾಗಿ ಓಡುತ್ತಿತ್ತೋ ಅಲ್ಲಿಂದ ಲೆಕ್ಕ ಶುರು ಮಾಡಿ.

ಬರೀ ಕಾರ್ಬುರೇಟರ್ ಅಥವಾ ಏರ್ ಫಿಲ್ಟರ್ ಬದಲಿಸಿದ್ದೀರಾ? ಪ್ಲಗ್ ಮುಟ್ಟಬೇಡಿ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ ಸರಿ ಮಾಡಿ, ಅಷ್ಟೇ. ಹೆಡ್ ಸ್ಕಿಮ್, ಪೋರ್ಟಿಂಗ್ ಎರಡೂ ಆಗಿ, ಹೈವೇನಲ್ಲಿ ಗಂಟೆಗಟ್ಟಲೆ ಓಡಿಸುವವರಾದರೆ ಒಂದು ಹೆಜ್ಜೆ ಕೋಲ್ಡ್. ಉದಾಹರಣೆಗೆ ಎನ್‌ಜಿಕೆ 6ರಿಂದ 7ಕ್ಕೆ. ಎಕ್ಸ್‌ಪಾನ್ಷನ್ ಚೇಂಬರ್ (ಟೂ ಸ್ಟ್ರೋಕ್ ರೇಸ್ ಗಾಡಿಯ ಸೈಲೆನ್ಸರ್) ಹಾಕಿ, ಹೈ ಆರ್‌ಪಿಎಂನಲ್ಲಿ ರೇಸ್ ಟ್ರ್ಯಾಕ್ ಓಟ ಅನ್ನುವವರಿಗೆ ಮಾತ್ರ ಎರಡು ಹೆಜ್ಜೆ. ಎರಡು ಹೆಜ್ಜೆ ಇಳಿದ ಗಾಡಿಯನ್ನು ಸಿಲ್ಕ್ ಬೋರ್ಡ್ ಟ್ರಾಫಿಕ್‌ಗೆ ತಂದರೆ ಸಿಗ್ನಲ್‌ಗೊಂದು ಸಲ ಮಿಸ್ ಹೊಡೆಯುತ್ತದೆ.

6 ಬೇಕೋ 7 ಬೇಕೋ ಎಂದು ಅನುಮಾನ ಬಂದರೆ 7 ಹಾಕಿ. ಪ್ಲಗ್ ಜಾಸ್ತಿ ಕೋಲ್ಡ್ ಆದರೆ ಮಸಿ ಕಟ್ಟುತ್ತದೆ, ಪಕ್ಕಕ್ಕೆ ನಿಲ್ಲಿಸಿ ಒರೆಸಬೇಕಾಗುತ್ತದೆ. ಜಾಸ್ತಿ ಹಾಟ್ ಆದರೆ ಬ್ಲಾಕ್ ಬಿಚ್ಚಿ ಬೋರ್ ಮಾಡಿಸಬೇಕಾಗುತ್ತದೆ. ಹಾಗಂತ ಕೋಲ್ಡ್ ಪ್ಲಗ್ ಹಾಕಿದರೆ ಎಂಜಿನ್ ತಂಪಾಗುತ್ತದೆ ಅಂದುಕೊಳ್ಳಬೇಡಿ. ತಂಪಾಗುವುದು ಪ್ಲಗ್ಗಿನ ತುದಿ ಮಾತ್ರ. ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತಿದ್ದರೆ ಅದು ಕಾಯುತ್ತಲೇ ಇರುತ್ತದೆ.

ಹೆಡ್ ಎಷ್ಟು ಬಿಸಿಯಾಗುತ್ತಿದೆ ಎಂದು ನಿಜವಾಗಿ ತಿಳಿಯಬೇಕಾದರೆ ಪ್ಲಗ್ ಕೆಳಗೆ ಕೂರುವ 14 ಮಿಮೀ ಉಂಗುರದ ಟೆಂಪರೇಚರ್ ಗೇಜ್ ಸಿಗುತ್ತದೆ. ನನ್ನ ಪ್ರಕಾರ ಇರಿಡಿಯಂಗಿಂತ ಮೊದಲು ಕೊಳ್ಳಬೇಕಾದದ್ದು ಅದು. ಮಾಡಿಫೈ ಮಾಡುವ ಮುಂಚೆಯೇ ಹಾಕಿಸಿದರೆ, ಒಂದೇ ರಸ್ತೆಯಲ್ಲಿ ಮುಂಚೆ ಎಷ್ಟಿತ್ತು, ಈಗ ಎಷ್ಟಿದೆ ಎಂದು ಹೋಲಿಸಬಹುದು. ಉಂಗುರ ಹಾಕುವಾಗ ಪ್ಲಗ್ಗಿನ ವಾಷರ್ ತೆಗೆಯಬೇಕೋ ಬೇಡವೋ ಎಂದು ಗೇಜ್ ಜೊತೆ ಬರುವ ಸೂಚನೆ ನೋಡಿಕೊಳ್ಳಿ. ಎರಡೂ ಸೇರಿದರೆ ಥ್ರೆಡ್ ಅಷ್ಟು ಮೇಲೆ ನಿಲ್ಲುತ್ತದೆ.

ಕಿಡಿಯ ಅಪ್‌ಗ್ರೇಡ್: ಕಾಯಿಲ್, ವೈರ್, ಅರ್ತ್

ಕಂಪ್ರೆಷನ್ ಹೆಚ್ಚಿದಷ್ಟೂ ಅದೇ ಗ್ಯಾಪ್ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಹೊರಗೆ ಹಿಡಿದು ಕಿಕ್ ಹೊಡೆದಾಗ ನೀಲಿ ಕಿಡಿ ಕಾಣುವ ಪ್ಲಗ್, ಸಿಲಿಂಡರಿನ ಒತ್ತಡದಲ್ಲಿ ಸುಮ್ನೆ ಕೂತುಬಿಡಬಹುದು. "ಸ್ಪಾರ್ಕ್ ಚೆನ್ನಾಗಿ ಬರ್ತಿದೆ, ಆದ್ರೂ ಫುಲ್ ಥ್ರಾಟಲ್‌ನಲ್ಲಿ ಮಿಸ್ಸಿಂಗ್" ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಪರೀಕ್ಷೆಗೆ ಗ್ಯಾಪ್ ಹೊಂದಿಸಬಹುದಾದ ಸ್ಪಾರ್ಕ್ ಟೆಸ್ಟರ್ ತನ್ನಿ. ಕಿಡಿ ಬಯಲಿನಲ್ಲಿ 6 ಮಿಮೀ ಹಾರಿದರೆ ಕಾಯಿಲ್ ಆರೋಗ್ಯವಾಗಿದೆ. ಪರೀಕ್ಷಿಸುವಾಗ ಪ್ಲಗ್ ತೂತಿನಿಂದ ದೂರ ಹಿಡಿಯಿರಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ. ಸಿಡಿಐ (ಪಾಯಿಂಟ್ ಬದಲು ಹಾಕುವ ಎಲೆಕ್ಟ್ರಾನಿಕ್ ಇಗ್ನಿಷನ್) ಹಾಕಿದ ಗಾಡಿಯಲ್ಲಿ ಪ್ಲಗ್ಗಿಗೆ ಅರ್ತ್ ಕೊಡದೆ ಕಿಕ್ ಹೊಡೆದರೆ ಯೂನಿಟ್ಟೇ ಹೋಗಬಹುದು.

ದುಡ್ಡು ಖರ್ಚಿಲ್ಲದ ಅಪ್‌ಗ್ರೇಡ್‌ನಿಂದ ಶುರು ಮಾಡೋಣ. 6 ವೋಲ್ಟ್ ಗಾಡಿಯಲ್ಲಿ ಹಳೆ ವೈರಿಂಗ್ ಮತ್ತು ಕೀ ಸ್ವಿಚ್ 1 ವೋಲ್ಟ್ ತಿಂದರೂ ಆರನೇ ಒಂದು ಭಾಗ ಹೋದಂತೆ. ಪಾಯಿಂಟ್ ಮುಚ್ಚಿರುವಾಗ, ಕೀ ಆನ್ ಇಟ್ಟು, ಬ್ಯಾಟರಿಯಲ್ಲಿ ಎಷ್ಟು ವೋಲ್ಟ್, ಎಚ್‌ಟಿ ಕಾಯಿಲ್‌ಗೆ ಎಷ್ಟು ಬರುತ್ತಿದೆ ಎಂದು ಮಲ್ಟಿಮೀಟರ್‌ನಲ್ಲಿ ನೋಡಿ. ವ್ಯತ್ಯಾಸ ಅರ್ಧ ವೋಲ್ಟ್‌ಗಿಂತ ಹೆಚ್ಚಿದ್ದರೆ ಕಾಯಿಲ್‌ಗೆ ಬೇರೆ ದಪ್ಪ ವೈರ್ ಎಳೆದು, ನಡುವೆ ಒಂದು ರಿಲೇ ಹಾಕಿ. ರೀಸ್ಟೋರ್ ಮಾಡಿದ ಗಾಡಿಗಳಿಗೆ ಇನ್ನೊಂದು ಕಾಯಿಲೆ ಇದೆ. ಫ್ರೇಮಿಗೆ ಚೆಂದವಾಗಿ ಪೌಡರ್ ಕೋಟಿಂಗ್ ಆಗಿರುತ್ತದೆ, ಆ ಕೋಟಿಂಗ್ ದಾಟಿ ಅರ್ತ್ ಹೋಗುವುದಿಲ್ಲ. ಬ್ಯಾಟರಿಯ ಅರ್ತ್ ಕಡೆಯಿಂದ ಎಂಜಿನ್ ಕೇಸಿಗೆ ನೇರವಾಗಿ ಒಂದು ವೈರ್ ಹಾಕಿ.

ಕಾಯಿಲ್ ಬದಲಿಸುವಾಗ ಪ್ರೈಮರಿ ಓಮ್ಸ್ ನೋಡದೆ ಕೊಳ್ಳಬೇಡಿ. 12 ವೋಲ್ಟ್‌ಗೆ ಬದಲಿಸಿದ ಗಾಡಿಯಲ್ಲಿ 3 ಓಮ್ಸ್ ಕಾಯಿಲ್ ಇದ್ದರೆ ಪಾಯಿಂಟ್ ಮೂಲಕ ಹೋಗುವುದು 4 ಆಂಪಿಯರ್. ಅದೇ ಗಾಡಿಗೆ 1.5 ಓಮ್ಸ್ ಕಾಯಿಲ್ ಹಾಕಿದರೆ 8 ಆಂಪಿಯರ್. ಪಾಯಿಂಟ್ ಬೇಗ ಸುಟ್ಟುಹೋಗುತ್ತದೆ. ಕಡಿಮೆ ಓಮ್ಸಿನ 'ಪರ್ಫಾರ್ಮೆನ್ಸ್' ಕಾಯಿಲ್‌ಗಳು ಎಲೆಕ್ಟ್ರಾನಿಕ್ ಇಗ್ನಿಷನ್‌ಗೆಂದು ಮಾಡಿದವು, ಪಾಯಿಂಟ್‌ಗಲ್ಲ.

ಸಿಡಿಐ ಬೇಕೇ? ಪೋರ್ಟಿಂಗ್ ಮಾಡಿಸಿ ಆರ್‌ಪಿಎಂ ಏರಿಸಿದ ಎಂಜಿನ್ನಿಗೆ ಖಂಡಿತ ಲಾಭ ಇದೆ. ಪಾಯಿಂಟ್ ಕುಣಿಯುವ, ಸವೆಯುವ ತಲೆನೋವು ಇಲ್ಲ, ಟೈಮಿಂಗ್ ಅಲುಗಾಡುವುದಿಲ್ಲ. ಆದರೆ ಭಾನುವಾರ ಮಾತ್ರ ಹೊರಗೆ ತೆಗೆಯುವ ಗಾಡಿಗೆ ನಾನು ಪಾಯಿಂಟನ್ನೇ ಉಳಿಸುತ್ತೇನೆ. ಪಾಯಿಂಟ್ ಕೈಕೊಟ್ಟರೆ ಸಕಲೇಶಪುರದ ದಾರಿಯಲ್ಲೂ ಒಂದು ಫೀಲರ್ ಗೇಜಿನಿಂದ ರಿಪೇರಿ ಮಾಡಿಕೊಳ್ಳಬಹುದು. ಸಿಡಿಐ ಕೈಕೊಟ್ಟರೆ ಟೆಂಪೋ ಹುಡುಕಬೇಕು.

ಪ್ಲಗ್ ವೈರ್ ತಾಮ್ರದ ಎಳೆಯದ್ದಿರಲಿ, ಅದಕ್ಕೆ 5 ಕಿಲೋ ಓಮ್ಸ್ ರೆಸಿಸ್ಟರ್ ಕ್ಯಾಪ್ ಸಾಕು. ಸಿಡಿಐ ಇದ್ದರೆ ರೆಸಿಸ್ಟರ್ ಕಡ್ಡಾಯ, ಇಲ್ಲದಿದ್ದರೆ ಕಿಡಿಯ ಗದ್ದಲಕ್ಕೆ ಯೂನಿಟ್ ತಬ್ಬಿಬ್ಬಾಗುತ್ತದೆ. 6 ವೋಲ್ಟ್ ಪಾಯಿಂಟ್ ಗಾಡಿಯಲ್ಲಿ ರೆಸಿಸ್ಟರ್ ಪ್ಲಗ್ ಮತ್ತು ರೆಸಿಸ್ಟರ್ ಕ್ಯಾಪ್ ಎರಡೂ ಬೇಡ, ಒಂದು ಸಾಕು.

ಇರಿಡಿಯಂ ಯಾವಾಗ?

ಇರಿಡಿಯಂ ಪ್ಲಗ್ಗಿನ ನಡುವಿನ ಎಲೆಕ್ಟ್ರೋಡ್ ಸೂಜಿಯಂತೆ ಸಪೂರ. ಎನ್‌ಜಿಕೆಯದು 0.6 ಮಿಮೀ. ತುದಿ ಸಪೂರ ಆದಷ್ಟೂ ಕಿಡಿ ಹಾರಲು ಕಡಿಮೆ ವೋಲ್ಟೇಜ್ ಸಾಕು. ಹಾಗಾಗಿ ಬಲ ಕಮ್ಮಿ ಇರುವ ಹಳೆ 6 ವೋಲ್ಟ್ ಇಗ್ನಿಷನ್‌ಗೇ ಇದರಿಂದ ಹೆಚ್ಚು ಅನುಕೂಲ. ಸ್ಟಾರ್ಟಿಂಗ್ ಸುಲಭವಾಗುತ್ತದೆ, ಐಡಲ್ ಸ್ವಲ್ಪ ಸಮ ಆಗುತ್ತದೆ. ಟಾಪ್ ಸ್ಪೀಡ್ ಏರುವುದಿಲ್ಲ. ಜೆಟ್ಟಿಂಗ್ ಪೂರ್ತಿ ಮುಗಿಯುವವರೆಗೆ ಸಾಮಾನ್ಯ ಪ್ಲಗ್‌ಗಳನ್ನೇ ಬಳಸಿ, ಯಾಕೆಂದರೆ ಈ ಹಂತದಲ್ಲಿ ಒಂದೆರಡು ಹಾಳಾಗುವುದು ಗ್ಯಾರಂಟಿ. ಆಮೇಲೆ ಅದೇ ಹೀಟ್ ರೇಂಜಿನ ಇರಿಡಿಯಂ ತನ್ನಿ: ಬಿ7ಎಚ್‌ಎಸ್ ಸರಿಹೋಗಿದ್ದರೆ ಬಿಆರ್7ಎಚ್‌ಐಎಕ್ಸ್. ಅದರಲ್ಲಿ ರೆಸಿಸ್ಟರ್ ಇದೆ, ಕ್ಯಾಪ್ ಅದಕ್ಕೆ ತಕ್ಕಂತೆ ಬದಲಿಸಿ. ನಕಲಿ ಪ್ಲಗ್‌ಗಳ ಕಾಟ ಇರುವುದರಿಂದ ಜೆಸಿ ರಸ್ತೆಯಲ್ಲಿ ಕೊಂಡರೂ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ.

ಗ್ಯಾಪ್ ಮತ್ತು ಬಿಗಿಯುವುದು

ಪಾಯಿಂಟ್ ಇರುವ ಗಾಡಿಗೆ 0.6 ಮಿಮೀ. ಹೆಡ್ ತುಂಬಾ ಕಡಿಸಿದ್ದು, ಕಾಯಿಲ್ ಹಳೆಯದೇ ಇದ್ದರೆ 0.5 ಮಿಮೀಗೆ ಇಳಿಸಿ ನೋಡಿ. ಒಳ್ಳೆ ಸಿಡಿಐ ಇದ್ದರೆ 0.7 ಮಿಮೀ. ಗ್ಯಾಪ್ ಹೊಂದಿಸಲು ಬದಿಯ ಎಲೆಕ್ಟ್ರೋಡನ್ನು ಮಾತ್ರ ಬಗ್ಗಿಸಿ, ಸ್ಕ್ರೂಡ್ರೈವರನ್ನು ನಡುವೆ ತೂರಿಸಿ ಮೀಟಬೇಡಿ. ಇರಿಡಿಯಂ ತುದಿಯಂತೂ ಹಾಗೆ ಮಾಡಿದರೆ ಚಟ್ ಎಂದು ಮುರಿಯುತ್ತದೆ. ಸ್ಯಾಂಡ್ ಪೇಪರಿನಿಂದ ಪಿಂಗಾಣಿ ಉಜ್ಜುವುದೂ ಬೇಡ. ಗೀರಿನಲ್ಲಿ ಮಸಿ ಇನ್ನೂ ಬೇಗ ಕೂರುತ್ತದೆ.

ಎಂಜಿನ್ ತಣ್ಣಗಿರಬೇಕು. ಮೊದಲು ಕೈಯಿಂದ ಕೊನೆಯವರೆಗೂ ತಿರುಗಿಸಿ. ಕೈಗೆ ಬಿಗಿ ಬಂದರೆ ಅಲ್ಲೇ ನಿಲ್ಲಿಸಿ, ಥ್ರೆಡ್ ಅಡ್ಡ ಹತ್ತಿರಬಹುದು. ವಾಷರ್ ಕೂತ ಮೇಲೆ ಹೊಸ ಪ್ಲಗ್ ಆದರೆ ಅರ್ಧದಿಂದ ಮೂರನೇ ಎರಡು ಸುತ್ತು, ಹಳೆ ಪ್ಲಗ್ ಆದರೆ ಹನ್ನೆರಡನೇ ಒಂದು ಸುತ್ತು. ಟಾರ್ಕ್ ರೆಂಚ್ ಇದ್ದರೆ ಅಲ್ಯೂಮಿನಿಯಂ ಹೆಡ್ಡಿಗೆ 25ರಿಂದ 29 ನ್ಯೂಟನ್ ಮೀಟರ್. ಗ್ರೀಸ್ ಹಚ್ಚಬೇಡಿ, ಜಾರಿ ಜಾಸ್ತಿ ಬಿಗಿಯಾಗುತ್ತದೆ. ಸಡಿಲ ಬಿಟ್ಟರೆ ಶಾಖ ಹೆಡ್ಡಿಗೆ ದಾಟದೆ ಕೋಲ್ಡ್ ಪ್ಲಗ್ಗೂ ಹಾಟ್ ಪ್ಲಗ್ಗಿನಂತೆ ಕಾಯುತ್ತದೆ.

ಪ್ಲಗ್ ಓದುವುದು

ಮನೆ ಮುಂದೆ ಐಡಲ್‌ನಲ್ಲಿ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿದರೆ ಐಡಲ್ ಹೇಗಿದೆ ಎನ್ನುವುದು ಮಾತ್ರ ಗೊತ್ತಾಗುತ್ತದೆ. ಫುಲ್ ಥ್ರಾಟಲ್ ಹೇಗಿದೆ ಎಂದು ತಿಳಿಯಲು ಹೊಸ ಪ್ಲಗ್ ಬೇಕು, ಖಾಲಿ ಇರುವ ನೇರ ರಸ್ತೆ ಬೇಕು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಹೊಸ ಪ್ಲಗ್ ಹಾಕಿ, ಮೂರನೇ ಗೇರಿನಲ್ಲಿ ಫುಲ್ ಥ್ರಾಟಲ್ ಕೊಟ್ಟು ಸ್ವಲ್ಪ ದೂರ ಎಳೆಯಿರಿ. ಥ್ರಾಟಲ್ ಬಿಡುವ ಮುಂಚೆಯೇ ಕ್ಲಚ್ ಹಿಡಿದು ಕೀ ಆಫ್ ಮಾಡಿ. ಹಾಗೇ ಉರುಳಿಸಿಕೊಂಡು ಬದಿಗೆ ನಿಲ್ಲಿಸಿ ಬಿಚ್ಚಿ. ಎಡಗೈ ಬೆರಳು ಇಡೀ ಹೊತ್ತು ಕ್ಲಚ್ ಮೇಲೇ ಇರಲಿ. ಸೀಜ್ ಆದರೆ, ಅಂದರೆ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಂಡರೆ, ಹಿಂದಿನ ಚಕ್ರ ಲಾಕ್ ಆಗುವ ಮುನ್ನ ಕ್ಲಚ್ ಹಿಡಿಯಬೇಕು.

ಪಿಂಗಾಣಿಯ ತುದಿಯ ಬಣ್ಣಕ್ಕೆ ಮರುಳಾಗಬೇಡಿ. ಭೂತಕನ್ನಡಿ ಹಿಡಿದು, ಪಿಂಗಾಣಿ ಒಳಗೆ ಲೋಹಕ್ಕೆ ಸೇರುವ ಬುಡದಲ್ಲಿ ನೋಡಿ. ಅಲ್ಲಿ ತೆಳು ಕಂದು ಉಂಗುರ ಕಂಡರೆ ಮಿಶ್ರಣ ಸರಿ. ಉಂಗುರ ದಪ್ಪ, ಕಪ್ಪು ಇದ್ದರೆ ಪೆಟ್ರೋಲ್ ಜಾಸ್ತಿ, ಮೈನ್ ಜೆಟ್ ಒಂದು ಸೈಜ್ ಇಳಿಸಿ. ಉಂಗುರವೇ ಇಲ್ಲ, ಪೂರ್ತಿ ಬಿಳಿ ಎಂದರೆ ಮಿಶ್ರಣ ತೆಳು, ಜೆಟ್ ಏರಿಸಿ. ಹೀಟ್ ರೇಂಜ್ ತಿಳಿಯುವುದು ಬದಿಯ ಎಲೆಕ್ಟ್ರೋಡಿನ ಮೇಲೆ. ಬಿಸಿಗೆ ಬಣ್ಣ ಬದಲಾದ ಗೆರೆ ಬಾಗಿದ ಜಾಗದ ಹತ್ತಿರ ಇದ್ದರೆ ಸರಿ. ತೀರಾ ತುದಿಯಲ್ಲಿದ್ದರೆ ಪ್ಲಗ್ ಕೋಲ್ಡ್, ಥ್ರೆಡ್ ಕಡೆಗೆ ಇಳಿದಿದ್ದರೆ ಹಾಟ್. ಪಿಂಗಾಣಿ ಮೇಲೆ ಕಾಳುಮೆಣಸಿನ ಪುಡಿ ಉದುರಿದಂತೆ ಚುಕ್ಕೆ, ಅಥವಾ ಹೊಳೆಯುವ ಬೆಳ್ಳಿ ಕಣ ಕಂಡರೆ ಗಾಡಿಯನ್ನು ಮುಂದೆ ಓಡಿಸಬೇಡಿ. ಡಿಟೊನೇಷನ್ ಆಗಿ, ಅಂದರೆ ಮಿಶ್ರಣ ಹದವಾಗಿ ಉರಿಯದೆ ಒಮ್ಮೆಲೇ ಸಿಡಿದು, ಪಿಸ್ಟನ್ನಿನ ಅಲ್ಯೂಮಿನಿಯಂ ಕಿತ್ತು ಬರುತ್ತಿದೆ ಎಂದರ್ಥ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಜೆಟ್, ಪ್ಲಗ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ.

ಘಟ್ಟ ಇಳಿಯುವವರಿಗೆ, ಇ20 ಹಾಕುವವರಿಗೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ತೆಳು. ಬೆಂಗಳೂರಿನಲ್ಲಿ ಕರಾರುವಾಕ್ಕಾಗಿ ಜೆಟ್ ಹೊಂದಿಸಿದ ಗಾಡಿ ಶಿರಾಡಿ ಇಳಿದು ಕರಾವಳಿ ಸೇರಿದರೆ ಗಾಳಿ ಹೆಚ್ಚಿ ಮಿಶ್ರಣ ತೆಳುವಾಗುತ್ತದೆ. ಅಲ್ಲಿ ಫುಲ್ ಥ್ರಾಟಲ್ ಹೊಡೆದರೆ ಸೀಜ್ ಆಗುವ ಅಪಾಯ ಇದೆ. ಊರಿಗೆ ಹೊರಡುವ ಮುಂಚೆ ಮೈನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿಕೊಳ್ಳಿ. ವಾಪಸ್ ಚಾರ್ಮಾಡಿ ಹತ್ತುವಾಗ ಇನ್ನೊಂದು ಸಮಸ್ಯೆ. ಇಬ್ಬರು ಕೂತು, ಎರಡನೇ ಗೇರಿನಲ್ಲಿ, ನಿಧಾನವಾಗಿ ಹೋಗುವಾಗ ಫಿನ್‌ಗಳಿಗೆ ಗಾಳಿ ಬಡಿಯುವುದೇ ಕಡಿಮೆ. ಹಾಟ್ ಪ್ಲಗ್ ಕೈಕೊಡುವುದು ಇಂಥ ಕಡೆ.

ಈಗ ಬಂಕ್‌ಗಳಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇರುತ್ತದೆ. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಹಳೆ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಇ20ಕ್ಕಿಂತ ಮುಂಚೆ ಹೊಂದಿಸಿದ ಜೆಟ್ಟಿಂಗ್ ಆದರೆ ಮತ್ತೆ ಪ್ಲಗ್ ಓದಿ, ಬಹುಶಃ ಜೆಟ್ ಏರಿಸಬೇಕಾದೀತು. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಟ್ಯಾಂಕ್, ಫ್ಲೋಟ್ ಬೌಲ್ ಖಾಲಿ ಮಾಡಿ. ಎಥನಾಲ್ ನೀರು ಎಳೆದುಕೊಳ್ಳುತ್ತದೆ, ಆ ನೀರು ತಳಕ್ಕೆ ಇಳಿದು ಕಾರ್ಬುರೇಟರ್ ಸೇರಿದರೆ ಎಷ್ಟು ಕಿಕ್ ಹೊಡೆದರೂ ಪ್ಲಗ್ ಒದ್ದೆಯೇ.

ಟೂಲ್ ಬಾಕ್ಸಿನಲ್ಲಿ ಗ್ಯಾಪ್ ಹೊಂದಿಸಿದ ಅದೇ ನಂಬರಿನ ಎರಡು ಪ್ಲಗ್, 21 ಮಿಮೀ ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್, ಒಂದು ಮೈನ್ ಜೆಟ್ ಇಟ್ಟುಕೊಳ್ಳಿ. ಪ್ಲಗ್‌ಗಳನ್ನು ಡಬ್ಬಿ ಸಮೇತ ಬಟ್ಟೆಯಲ್ಲಿ ಸುತ್ತಿಡಿ. ಈ ಗಾಡಿಯ ವೈಬ್ರೇಷನ್‌ಗೆ ಸ್ಪ್ಯಾನರ್ ಬಡಿದು ಬಡಿದು ಪಿಂಗಾಣಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ಹೊಸ ಪ್ಲಗ್ ಹಾಕಿದ ಮೇಲೂ ಮಿಸ್ಸಿಂಗ್ ಹೋಗುವುದಿಲ್ಲ.